ಕೋವಿಯ ಕಬ್ಬಿಣಕ್ಕೆ ಬಣ್ಣದ ಹದ

ಹಳೆಯ ಕಾಲದ ಒಳ್ಳೆಯ ಜೋಡುನಳಿಗೆಯ ಕೋವಿಯೊಂದನ್ನು ನೀವು ಎಲ್ಲಿಯಾದರೂ ಹತ್ತಿರದಿಂದ ನೋಡಿದ್ದರೆ, ಅದರ ನಳಿಗೆಯ ಬಣ್ಣವೇ ಬೇರೆ, ನಳಿಗೆಯ ಬುಡವನ್ನು ಹಿಡಿದಿರುವ ಕಬ್ಬಿಣದ ಒಡಲಿನ ಬಣ್ಣವೇ ಬೇರೆ ಎಂಬುದು ಗಮನಕ್ಕೆ ಬಂದಿರಬೇಕು. ನಳಿಗೆ ಕಪ್ಪು ಬೆರೆತ ನೀಲಿ ಅಥವಾ ಕಂದು. ಎಲ್ಲ ಕಡೆಯೂ ಒಂದೇ ಸಮ. ಒಡಲಾದರೋ ಹಾಗಲ್ಲ. ಅದರ ಮೇಲೆ ನೀಲಿ, ಊದಾ, ಹುಲ್ಲಿನ ಹಳದಿ, ಕಂದು, ಬೂದಿ ಈ ಎಲ್ಲ ಬಣ್ಣಗಳೂ ಮಳೆಗಾಲದ ಸಂಜೆಯ ಮೋಡಗಳಂತೆ ಒಂದರೊಳಗೊಂದು ಹರಡಿಕೊಂಡಿರುತ್ತವೆ. ಇದು ಕುಂಚದಿಂದ ಬಳಿದ ಬಣ್ಣವಲ್ಲ. ಯಾವ ಬಣ್ಣದ ಪುಡಿಯನ್ನೂ ಇದಕ್ಕೆ ಸೇರಿಸಿಲ್ಲ. ಎಲುಬಿನ ಇದ್ದಿಲು, ಮರದ ಇದ್ದಿಲು, ಬೆಂಕಿ ಮತ್ತು ತಣ್ಣೀರು, ಈ ನಾಲ್ಕರಿಂದಲೇ ಅದು ಹುಟ್ಟಿದ್ದು. ಇಂಗ್ಲಿಷಿನಲ್ಲಿ ಇದನ್ನು ಕಲರ್ ಕೇಸ್ ಹಾರ್ಡನಿಂಗ್ ಎನ್ನುತ್ತಾರೆ. ನಾವು ಬಣ್ಣದ ಹದ ಎಂದು ಕರೆಯೋಣ.

ಈ ಕೆಲಸದ ವಿಷಯ ಬಂದಾಗ ಕೇಳುವವರಿಗೆಲ್ಲ ಬೆಂಕಿಯ ಮೇಲೆ ಕುತೂಹಲ. ಎಷ್ಟು ಕಾಯಿಸಬೇಕು, ಎಷ್ಟು ಹೊತ್ತು, ನೀರಿಗೆ ಏನು ಬೆರೆಸಬೇಕು, ಇಂಥವೇ ಪ್ರಶ್ನೆಗಳು. ಆದರೆ ಈ ಕಸಬಿನಲ್ಲಿ ಪಳಗಿದವರು ಹೇಳುವುದು ಬೇರೆ. ಕಬ್ಬಿಣ ಬೆಂಕಿಗೆ ಹೋಗುವ ಮೊದಲೇ ಕೆಲಸದ ಬಹುಪಾಲು ಮುಗಿದಿರಬೇಕು. ಬೆಂಕಿ ಕೆಲವು ಗಂಟೆಗಳ ಮಾತು, ನೀರು ಒಂದು ಕ್ಷಣದ ಮಾತು. ಸಿದ್ಧತೆ ಮಾತ್ರ ದಿನಗಟ್ಟಲೆಯ ಮಾತು. ಕೆಟ್ಟುಹೋದ ಕೋವಿಗಳಲ್ಲಿ ಅನೇಕವು ಕೆಟ್ಟದ್ದು ಈ ಸಿದ್ಧತೆಯಲ್ಲಿಯೇ. ಆದುದರಿಂದ ಈ ಹೊತ್ತು ಆ ಸಿದ್ಧತೆಯ ವಿಷಯವನ್ನೇ ಮುಖ್ಯವಾಗಿ ನಿಮ್ಮ ಮುಂದಿಡುತ್ತೇನೆ.

ಮೊದಲು, ಇಂಥ ಹದ ಏಕೆ ಬೇಕಾಯಿತು ಎಂಬುದನ್ನು ನೋಡೋಣ. ಕೋವಿಯ ಒಡಲು ಪ್ರತಿಯೊಂದು ಹೊಡೆತಕ್ಕೂ ಒಂದು ಧಕ್ಕೆಯನ್ನು ತಾಳಬೇಕು. ಅದು ತೀರ ಗಡಸಾಗಿದ್ದರೆ ಗಾಜಿನಂತೆ ಬಿರಿಯುತ್ತದೆ. ಮೆತ್ತಗಿದ್ದರೆ ಧಕ್ಕೆಯನ್ನೇನೋ ತಾಳೀತು, ಆದರೆ ಕೀಲುಗಳು ಸವೆಯುತ್ತವೆ, ಕೊಕ್ಕೆಗಳ ಅಂಚು ಮೊಂಡಾಗುತ್ತದೆ. ಒಳಗೆ ಮೆದು, ಹೊರಗೆ ಗಡಸು ಎಂಬ ಎರಡು ಗುಣಗಳೂ ಒಂದೇ ತುಂಡಿನಲ್ಲಿ ಇರಬೇಕು. ಮಾಗಿದ ಹಲಸಿನ ಬೀಜವನ್ನು ನೆನೆಯಿರಿ: ಮೇಲೆ ಬಿರುಸಾದ ಸಿಪ್ಪೆ, ಒಳಗೆ ಬೇರೆಯೇ ತಿರುಳು. ಕಬ್ಬಿಣಕ್ಕೂ ಅಂಥ ಒಂದು ಸಿಪ್ಪೆಯನ್ನು ಬರಿಸುವುದೇ ಈ ವಿದ್ಯೆ.

ಆ ಸಿಪ್ಪೆಯನ್ನು ಬರಿಸುವುದು ಇಂಗಾಲ. ಮೆದು ಉಕ್ಕಿನಲ್ಲಿ ನೂರಕ್ಕೆ ೦.೧ರಿಂದ ೦.೨ರಷ್ಟು ಮಾತ್ರ ಇಂಗಾಲವಿರುತ್ತದೆ. ಅಷ್ಟು ಕಡಿಮೆ ಇಂಗಾಲವಿರುವ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಅದು ಹೇಳಿಕೊಳ್ಳುವಷ್ಟು ಗಡಸಾಗುವುದಿಲ್ಲ. ಆದರೆ ಅದನ್ನು ಇದ್ದಿಲಿನಲ್ಲಿ ಹೂತು, ಗಾಳಿಯಾಡದಂತೆ ಮುಚ್ಚಿ, ಕೆಂಪಗೆ ಕಾಯಿಸಿದರೆ, ಪೆಟ್ಟಿಗೆಯೊಳಗೆ ಉಳಿದ ಸ್ವಲ್ಪ ಗಾಳಿ ಇದ್ದಿಲಿನೊಡನೆ ಕೂಡಿ ಕಾರ್ಬನ್ ಮೊನಾಕ್ಸೈಡ್ ಅನಿಲವಾಗುತ್ತದೆ. ಆ ಅನಿಲ ತನ್ನಲ್ಲಿನ ಇಂಗಾಲವನ್ನು ಕಬ್ಬಿಣದ ಮೈಗೆ ಒಪ್ಪಿಸುತ್ತದೆ. ಇಂಗಾಲ ಮೆಲ್ಲಮೆಲ್ಲನೆ ಒಳಗಿಳಿಯುತ್ತದೆ. ಬಣ್ಣದ ಹದದಲ್ಲಿ ಈ ಪದರ ಬಹಳ ತೆಳು, ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು. ಆಮೇಲೆ ಅದನ್ನು ಒಮ್ಮೆಲೇ ನೀರಿಗೆ ಹಾಕಿದಾಗ ಆ ಪದರ ಮಾತ್ರ ಗಡಸಾಗುತ್ತದೆ. ಒಳಗಿನ ತಿರುಳು ಮೊದಲಿನಂತೆ ಉಳಿಯುತ್ತದೆ.

ಇಂಗಾಲ ಎಂಬ ಹೆಸರು ಗೊತ್ತಾಗುವ ಎಷ್ಟೋ ಮೊದಲೇ ಕಮ್ಮಾರರಿಗೆ ಈ ಕೆಲಸ ಗೊತ್ತಿತ್ತು. ೧೨ನೆಯ ಶತಮಾನದಲ್ಲಿ ಯೂರೋಪಿನಲ್ಲಿ ತಿಯೋಫಿಲಸ್ ಎಂಬ ಹೆಸರಿನಿಂದ ಬರೆದ ಸನ್ಯಾಸಿಯೊಬ್ಬನು, ಮೆದು ಕಬ್ಬಿಣದ ಅರಕ್ಕೆ ಹಂದಿಯ ಕೊಬ್ಬು ಸವರಿ, ಮೇಕೆಯ ತೊಗಲಿನ ಪಟ್ಟಿ ಸುತ್ತಿ, ಜೇಡಿಮಣ್ಣು ಮೆತ್ತಿ, ಬೆಂಕಿಗೆ ಹಾಕುವ ಕ್ರಮವನ್ನು ವಿವರಿಸಿದ್ದಾನೆ. ೧೭ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಜೋಸೆಫ್ ಮಾಕ್ಸನ್ ಎಂಬವನು ಹಸುವಿನ ಕೊಂಬು ಅಥವಾ ಗೊರಸನ್ನು ಒಣಗಿಸಿ ಪುಡಿಮಾಡಿ, ಅಷ್ಟೇ ಉಪ್ಪು ಸೇರಿಸಿ, ಹಳಸಿದ ಮೂತ್ರದಲ್ಲೋ ದ್ರಾಕ್ಷಿಯ ಹುಳಿಯಲ್ಲೋ ಕಲಸಿ ಕಬ್ಬಿಣಕ್ಕೆ ಬಳಿಯಬೇಕೆಂದು ಬರೆದ. ಕೊಂಬು, ಗೊರಸು, ತೊಗಲು, ಎಲುಬು, ಇವೆಲ್ಲ ಸುಟ್ಟರೆ ಇದ್ದಿಲೇ ಆಗುವ ವಸ್ತುಗಳು. ಕಾರಣ ತಿಳಿಯದಿದ್ದರೂ ಕೈಗೆ ದಾರಿ ತಿಳಿದಿತ್ತು. ಕಬ್ಬಿಣಕ್ಕೂ ಉಕ್ಕಿಗೂ ಇರುವ ವ್ಯತ್ಯಾಸ ಇಂಗಾಲದ್ದೇ ಎಂದು ಫ್ರಾನ್ಸಿನ ವಿಜ್ಞಾನಿಗಳಾದ ವಾಂಡರ್‌ಮೋಂಡ್, ಬರ್ತೊಲೆ, ಮೋಂಜ್ ಎಂಬ ಮೂವರು ಖಚಿತವಾಗಿ ಹೇಳಿದ್ದು ೧೭೮೬ರಲ್ಲಿ.

ನಮ್ಮ ನಾಡಿಗೂ ಈ ತತ್ತ್ವ ಹೊಸದಲ್ಲ. ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿಯ ಉಕ್ಕು ಮಾಡುವವರು ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆಗೆ ಆವರಿಕೆ ಗಿಡದ ಕಡ್ಡಿಯನ್ನೂ ಹಸಿರೆಲೆಯನ್ನೂ ಇಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಅಲ್ಲಿ ಕಬ್ಬಿಣ ಕರಗಿ ಪೂರ್ತಿ ಉಕ್ಕಾಗುತ್ತಿತ್ತು. ಇಲ್ಲಿ ಕರಗುವುದಿಲ್ಲ, ಮೈ ಮಾತ್ರ ಉಕ್ಕಾಗುತ್ತದೆ. ಆದರೆ ಮುಚ್ಚಿದ ಮೂಸೆಯಲ್ಲಿ ಗಿಡಮರದಿಂದ ಇಂಗಾಲ ಪಡೆಯುವ ತತ್ತ್ವ ಎರಡಕ್ಕೂ ಒಂದೇ.

ಇನ್ನು ಬಣ್ಣದ ಮಾತು. ೧೯ನೆಯ ಶತಮಾನದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಮತ್ತು ಲಂಡನ್ನಿನ ಕೋವಿ ಕೆಲಸಗಾರರೂ, ಅಮೆರಿಕದಲ್ಲಿ ಹಾರ್ಟ್‌ಫರ್ಡಿನ ಕೋಲ್ಟ್ ಕಾರ್ಖಾನೆಯಂಥವರೂ ಈ ಹದದ ಜೊತೆಗೆ ಬರುವ ಬಣ್ಣವನ್ನು ಒಂದು ಅಲಂಕಾರವನ್ನಾಗಿಯೇ ಬೆಳೆಸಿದರು. ೧೮೭೩ರ ಕೋಲ್ಟ್ ರಿವಾಲ್ವರಿನ ನಳಿಗೆಯೂ ಗುಂಡಿನ ಉರುಳೆಯೂ ನೀಲಿ. ಅದರ ಒಡಲು ಮಾತ್ರ ಬಣ್ಣಬಣ್ಣ. ಈ ಬಣ್ಣ ಎಲ್ಲಿಂದ ಬಂತು? ಕಾದ ಕಬ್ಬಿಣ ನೀರಿಗೆ ಬೀಳುವ ಕ್ಷಣದಲ್ಲಿ ನೀರಿನಲ್ಲಿ ಸೇರಿರುವ ಆಮ್ಲಜನಕ ಅದರ ಮೈಮೇಲೆ ಒಂದು ಪೊರೆಯನ್ನು ಕಟ್ಟುತ್ತದೆ. ಆ ಪೊರೆಯ ದಪ್ಪ ಕೂದಲೆಳೆಯ ದಪ್ಪದ ಸಾವಿರದಲ್ಲಿ ಒಂದು ಪಾಲಿನಷ್ಟು. ಮಳೆ ಬಿದ್ದ ರಸ್ತೆಯಲ್ಲಿ ಚೆಲ್ಲಿದ ಎಣ್ಣೆ ಬಣ್ಣ ತೋರುವುದನ್ನು ನೀವು ಕಂಡಿದ್ದೀರಿ. ಸೋಪಿನ ಗುಳ್ಳೆಯಲ್ಲಿಯೂ ಕಂಡಿದ್ದೀರಿ. ಪೊರೆಯ ಮೇಲ್ಮೈಯಿಂದ ಮರಳುವ ಬೆಳಕೂ ಒಳಮೈಯಿಂದ ಮರಳುವ ಬೆಳಕೂ ಕೂಡಿದಾಗ ಕೆಲವು ಬಣ್ಣ ಅಳಿದು ಕೆಲವು ಉಳಿಯುತ್ತವೆ. ಪೊರೆ ತೆಳ್ಳಗಿದ್ದರೆ ಹುಲ್ಲಿನ ಹಳದಿ, ಸ್ವಲ್ಪ ದಪ್ಪವಾದರೆ ಊದಾ, ಇನ್ನೂ ದಪ್ಪವಾದರೆ ನೀಲಿ. ಕಬ್ಬಿಣದ ಒಂದೊಂದು ಭಾಗ ಒಂದೊಂದು ವೇಗದಲ್ಲಿ ತಣಿಯುವುದರಿಂದ ಒಂದೇ ತುಂಡಿನಲ್ಲಿ ಇಷ್ಟೆಲ್ಲ ಬಣ್ಣಗಳು ಸೇರುತ್ತವೆ.

ಇಷ್ಟು ತೆಳುವಾದ ಪೊರೆ ಎಂದ ಮೇಲೆ, ಅದರ ಕೆಳಗಿನ ಕಬ್ಬಿಣದ ಮೈ ಹೇಗಿರಬೇಕು ಎಂಬುದನ್ನು ನೀವೇ ಊಹಿಸಬಹುದು. ಅಲ್ಲಿರುವ ಗೀರು, ಜಿಡ್ಡು, ಬೆರಳ ಗುರುತು ಯಾವುದನ್ನೂ ಈ ಪೊರೆ ಮುಚ್ಚುವುದಿಲ್ಲ. ಎಲ್ಲವನ್ನೂ ಎತ್ತಿ ತೋರಿಸುತ್ತದೆ. ಸಿದ್ಧತೆಯ ಮಹತ್ವ ಇರುವುದು ಇಲ್ಲಿ.

ಸಿದ್ಧತೆಯ ಮೊದಲ ಹೆಜ್ಜೆ ಲೋಹವನ್ನು ತಿಳಿಯುವುದು. ಈ ಹದ ಇಂಗಾಲ ಕಡಿಮೆಯಿರುವ ಕಬ್ಬಿಣಕ್ಕೂ ಮೆದು ಉಕ್ಕಿಗೂ ಹೇಳಿದ್ದು. ಇತ್ತೀಚಿನ ಕೆಲವು ಕೋವಿಗಳ ಒಡಲನ್ನು ಕ್ರೋಮಿಯಂ, ಮಾಲಿಬ್ಡಿನಂ ಬೆರೆತ, ಇಂಗಾಲ ಹೆಚ್ಚಿರುವ ಉಕ್ಕಿನಿಂದ ಮಾಡುತ್ತಾರೆ. ಅಂಥದು ಕೆಂಪಗೆ ಕಾದು ನೀರಿಗೆ ಬಿದ್ದರೆ ತಿರುಳಿನವರೆಗೂ ಗಡಸಾಗಿ ಬಿರಿಯಬಹುದು. ಬಿರುಕು ಕಣ್ಣಿಗೆ ಕಂಡರೆ ಪುಣ್ಯ. ಕಾಣದೆ ಒಳಗೇ ಉಳಿದರೆ ಅಪಾಯ. ಲೋಹ ಯಾವುದೆಂದು ನಿಶ್ಚಯವಾಗದೆ ಮುಂದಿನ ಹೆಜ್ಜೆ ಇಡಬಾರದು. ನಳಿಗೆಯನ್ನಂತೂ ಈ ಹದಕ್ಕೆ ಎಂದೂ ಹಾಕುವುದಿಲ್ಲ. ಮದ್ದಿನ ಒತ್ತಡವನ್ನು ತಾಳಬೇಕಾದ ನಳಿಗೆಗೆ ಬೇಕಾದದ್ದು ಬಾಗಿ ತಾಳುವ ಗುಣ. ಸ್ಪ್ರಿಂಗುಗಳಿಗೆ ಅವುಗಳದೇ ಹದ ಉಂಟು. ಅವನ್ನೂ ಇದರಿಂದ ದೂರವೇ ಇಡಬೇಕು.

ಎರಡನೆಯದು, ಬಿಚ್ಚುವುದು. ಮರದ ಹಿಡಿ, ಸ್ಪ್ರಿಂಗು, ಮೊಳೆ, ತಿರುಪು, ಎಲ್ಲವನ್ನೂ ಬಿಡಿಸಬೇಕು. ತಿರುಪಿನ ತಲೆಯ ಸೀಳಿಗೆ ಸರಿಯಾಗಿ ಕೂಡುವ ತಿರುಪುಳಿ ಇಲ್ಲದೆ ಕೈಹಾಕಿದರೆ ಸೀಳು ಹರಿದುಹೋಗುತ್ತದೆ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಸೀಳು ಬಹು ಕಿರಿದು. ಅದಕ್ಕೆಂದೇ ತಿರುಪುಳಿಯ ಬಾಯನ್ನು ಅರದಿಂದ ತೆಳ್ಳಗೆ ಮಾಡಿಕೊಳ್ಳುವುದುಂಟು. ಯಾವ ತಿರುಪು ಯಾವ ರಂಧ್ರದ್ದು ಎಂದು ಗುರುತಿಟ್ಟುಕೊಳ್ಳುವುದೂ ಅವಶ್ಯ. ಕೈಯಿಂದ ಮಾಡಿದ ಕೋವಿಗಳಲ್ಲಿ ಒಂದರ ತಿರುಪು ಇನ್ನೊಂದಕ್ಕೆ ಕೂಡುವುದಿಲ್ಲ.

ಮೂರನೆಯದು, ಹಳೆಯ ಹದವನ್ನು ಇಳಿಸುವುದು. ಒಮ್ಮೆ ಗಡಸಾದ ಮೈಯ ಮೇಲೆ ಅರ ಹಿಡಿಯುವುದಿಲ್ಲ. ಗಾಜಿನ ಮೇಲೆ ಜಾರುವಂತೆ ಜಾರುತ್ತದೆ. ಉಳಿಯೂ ಅಷ್ಟೆ. ಹಾಗೆ ಗಡಸಾಗಿರುವುದನ್ನು ಹಾಗೆಯೇ ಮತ್ತೆ ಕಾಯಿಸಿ ನೀರಿಗೆ ಹಾಕಿದರೆ ಸೊಟ್ಟಗಾಗುವ, ಬಿರಿಯುವ ಭಯ ಹೆಚ್ಚು. ಆದುದರಿಂದ ಆ ಭಾಗವನ್ನು ಆಗಲೇ ಬಳಸಿ ಸತ್ವ ಕಳೆದ ಇದ್ದಿಲಿನಲ್ಲಿ ಹೂತು, ಕಬ್ಬಿಣದ ಪೆಟ್ಟಿಗೆಯಲ್ಲಿ ಮುಚ್ಚಿ, ಕೆಂಪಗೆ ಕಾಯಿಸಿ, ಕುಲುಮೆಯಲ್ಲಿಯೇ ರಾತ್ರಿಯೆಲ್ಲ ತಾನಾಗಿ ಆರಲು ಬಿಡಬೇಕು. ಮೈಯಲ್ಲಿ ಸೇರಿರುವ ಇಂಗಾಲ ಇದರಿಂದ ಹೋಗುವುದಿಲ್ಲ. ಅದರ ಗಡಸುತನ ಮಾತ್ರ ಹೋಗುತ್ತದೆ. ಬರಿಯ ಬೆಂಕಿಗೆ ಒಡ್ಡಿದರೆ ಮೈ ಸುಟ್ಟು ಹೊಪ್ಪಳೆ ಏಳುತ್ತದೆ. ಹೂತು ಕಾಯಿಸುವುದು ಅದಕ್ಕಾಗಿ.

ನಾಲ್ಕನೆಯದು, ಗಾಯ ಮುಚ್ಚುವುದು. ಹಳೆಯ ಕೋವಿಯಲ್ಲಿ ತುಕ್ಕು ತಿಂದ ಕುಳಿಗಳಿರುತ್ತವೆ. ಆಳವಿಲ್ಲದ ಕುಳಿಯನ್ನು ಉಜ್ಜಿ ತೆಗೆಯಬಹುದು. ಆಳವಾದದ್ದನ್ನು ಬೆಸುಗೆಯಿಂದ ತುಂಬಬೇಕಾಗುತ್ತದೆ. ಆಗ ತುಂಬುವ ಲೋಹ ಒಡಲಿನ ಲೋಹದಂಥದೇ ಮೆದು ಉಕ್ಕಾಗಿರಬೇಕು. ಬೇರೆ ಲೋಹ ಬೆರೆತಿದ್ದರೆ ಉಜ್ಜಿ ನಯಮಾಡಿದಾಗ ತೇಪೆ ಕಾಣದೆ ಇರಬಹುದು, ಆದರೆ ಬಣ್ಣ ಬಂದ ಮೇಲೆ ಬಟ್ಟೆಯ ತೇಪೆಯಂತೆ ಎದ್ದು ಕಾಣುತ್ತದೆ. ಹಿತ್ತಾಳೆಯ ಇಲ್ಲವೆ ಬೆಳ್ಳಿಯ ಬೆಸುಗೆಗೆ ಈ ಬಣ್ಣ ಬರುವುದೇ ಇಲ್ಲ. ಬೆಳ್ಳಿಯ ಬೆಸುಗೆಯಂತೂ ಅಷ್ಟು ಶಾಖಕ್ಕೆ ಕರಗಿ ಹರಿದೀತು.

ಐದನೆಯದು, ಉಜ್ಜಿ ನಯಮಾಡುವುದು. ಇದೇ ಎಲ್ಲಕ್ಕಿಂತ ದೀರ್ಘವಾದ ಕೆಲಸ, ತಾಳ್ಮೆಯ ಕೆಲಸ. ಅವಸರದವರು ತಿರುಗುವ ಬಟ್ಟೆಯ ಚಕ್ರಕ್ಕೆ ಒಡ್ಡಿ ಒಂದು ಗಂಟೆಯಲ್ಲಿ ಕನ್ನಡಿಯಂತೆ ಹೊಳೆಯಿಸುತ್ತಾರೆ. ಹೊಳಪು ಬಂತು ನಿಜ, ಆದರೆ ಕೋವಿ ಹೋಯಿತು. ಚೂಪಾಗಿರಬೇಕಾದ ಅಂಚುಗಳು ದುಂಡಗಾದವು, ಸಮತಟ್ಟಾಗಿರಬೇಕಾದ ಮೈ ಅಲೆಯಲೆಯಾಯಿತು, ತಿರುಪಿನ ರಂಧ್ರಗಳ ಬಾಯಿ ತಟ್ಟೆಯಂತೆ ತಗ್ಗಾಯಿತು, ಅಕ್ಷರಗಳೂ ಕೆತ್ತನೆಯೂ ಮಸುಕಾದವು. ಹೀಗೆ ಹೋದ ಲೋಹವನ್ನು ಮರಳಿ ತರುವ ಉಪಾಯವಿಲ್ಲ.

ಸರಿಯಾದ ಕ್ರಮ ಕೈಕೆಲಸದ್ದು. ನಯವಾದ ಅರದಿಂದ ಆರಂಭಿಸಿ, ಆಮೇಲೆ ಉಜ್ಜುವ ಕಾಗದವನ್ನು ಗಟ್ಟಿಯಾದ ಮರದ ಇಲ್ಲವೆ ಉಕ್ಕಿನ ಪಟ್ಟಿಗೆ ಸುತ್ತಿ ಉಜ್ಜುತ್ತಾರೆ. ಕಾಗದವನ್ನು ಬೆರಳಿನಿಂದಲೇ ಒತ್ತಿದರೆ ಬೆರಳಿನ ಆಕಾರಕ್ಕೆ ಮೈ ತಗ್ಗುತ್ತದೆ. ೧೨೦ನೆಯ ನಂಬರಿನ ಕಾಗದ, ಆಮೇಲೆ ೨೨೦, ಆಮೇಲೆ ೩೨೦, ಕೊನೆಗೆ ೪೦೦. ಪ್ರತಿ ಸಲವೂ ಹಿಂದಿನ ಗೀರುಗಳಿಗೆ ಅಡ್ಡಲಾಗಿ ಉಜ್ಜಿ, ಹಿಂದಿನ ಗೀರು ಒಂದೂ ಉಳಿಯದ ಮೇಲೆಯೇ ಮುಂದಿನ ಕಾಗದ. ಕೊನೆಯ ಸುತ್ತಿನಲ್ಲಿ ಗೀರೆಲ್ಲ ಕೋವಿಯ ಉದ್ದಕ್ಕೆ ಒಂದೇ ದಿಕ್ಕಿನಲ್ಲಿರಬೇಕು. ಉಜ್ಜುವಾಗ ತಿರುಪುಗಳನ್ನು ಅವುಗಳ ಜಾಗದಲ್ಲಿಯೇ ಕೂಡಿಸಿ, ಪಕ್ಕದ ಭಾಗಗಳನ್ನೂ ಜೋಡಿಸಿಕೊಂಡು ಉಜ್ಜುವುದು ಕಸಬಿನ ಜಾಣತನ. ಹಾಗೆ ಮಾಡಿದರೆ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಮೈ ಮುರಿಯದೆ ಹರಿಯುತ್ತದೆ, ರಂಧ್ರಗಳ ಅಂಚು ಕೆಡುವುದಿಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ. ಕೋವಿಯ ಮೇಲಿನ ಮುದ್ರೆಗಳು ಅದರ ಜಾತಕವಿದ್ದ ಹಾಗೆ. ಬರ್ಮಿಂಗ್‌ಹ್ಯಾಮಿನಲ್ಲಿ ೧೮೧೩ರ ಕಾನೂನಿನಿಂದ ಸ್ಥಾಪನೆಯಾದ ಪ್ರೂಫ್ ಹೌಸ್ ಎಂಬ ಪರೀಕ್ಷಾಲಯವಿದೆ. ಹೆಚ್ಚಿನ ಮದ್ದು ತುಂಬಿ ಹೊಡೆದು, ತಾಳಿದ ಕೋವಿಗಳಿಗೆ ಅಲ್ಲಿ ಮುದ್ರೆ ಒತ್ತುತ್ತಾರೆ. ತಯಾರಕನ ಹೆಸರು, ಕ್ರಮಾಂಕ, ಈ ಪರೀಕ್ಷೆಯ ಮುದ್ರೆ, ಇವುಗಳಲ್ಲಿ ಒಂದನ್ನು ಉಜ್ಜಿ ಅಳಿಸಿದರೂ ಕೋವಿಯ ಬೆಲೆ ಇಳಿಯುವುದು ಒಂದು ಕಡೆ; ಕ್ರಮಾಂಕ ಅಳಿದ ಕೋವಿ ಕಾನೂನಿನ ಕಣ್ಣಿಗೆ ಸಂಶಯದ ವಸ್ತುವಾಗುವುದು ಇನ್ನೊಂದು ಕಡೆ.

ಆರನೆಯದು ಕೆತ್ತನೆ. ಹೂಬಳ್ಳಿ, ಹಕ್ಕಿ, ಹೆಸರು ಏನೇ ಇರಲಿ, ಕೆತ್ತುವುದೂ ಸವೆದುದನ್ನು ತಿದ್ದುವುದೂ ಮೈ ಮೆದುವಾಗಿರುವ ಈ ಹೊತ್ತಿನಲ್ಲಿಯೇ ಆಗಬೇಕು. ಕೋವಿಯನ್ನು ಪೂರ್ತಿ ಜೋಡಿಸಿ, ಬಾಯಿ ಮುಚ್ಚುತ್ತದೆಯೆ, ಕುದುರೆ ಸರಿಯಾಗಿ ಬೀಳುತ್ತದೆಯೆ ಎಂದು ನೋಡಿಕೊಳ್ಳುವುದೂ ಈಗಲೇ. ನೀರಿನಿಂದ ಹೊರಬಂದ ಮೇಲೆ ಅರಕ್ಕೆ ಅಲ್ಲಿ ಕೆಲಸವಿಲ್ಲ. ಸಣ್ಣದೊಂದು ತೊಡಕನ್ನು ಬಿಡಿಸಹೋದರೂ ಬಣ್ಣವೂ ಗಡಸು ಪದರವೂ ಒಟ್ಟಿಗೆ ಹೋಗುತ್ತವೆ.

ಏಳನೆಯದು, ಸೊಟ್ಟಗಾಗದಂತೆ ಕಟ್ಟುವುದು. ಹೊರಗಿನವರಿಗೆ ಅಷ್ಟಾಗಿ ತಿಳಿಯದ ಕೆಲಸವಿದು. ನೀರಿಗೆ ಬಿದ್ದಾಗ ಗಡಸಾದ ಪದರ ಸ್ವಲ್ಪ ಹಿಗ್ಗುತ್ತದೆ. ದಪ್ಪ ಭಾಗ ನಿಧಾನವಾಗಿ ತಣಿಯುತ್ತದೆ, ತೆಳು ಭಾಗ ಥಟ್ಟನೆ ತಣಿಯುತ್ತದೆ. ಈ ಎಳೆದಾಟದಲ್ಲಿ ಒಡಲು ಬಾಗಬಹುದು, ಸೀಳುಗಳು ಅಗಲವಾಗಬಹುದು ಅಥವಾ ಮುಚ್ಚಿಕೊಳ್ಳಬಹುದು. ಇದನ್ನು ತಡೆಯಲು ಒಡಲಿನ ಟೊಳ್ಳುಗಳಿಗೆ ಸರಿಯಾಗಿ ಕೂಡುವಂತೆ ಕಬ್ಬಿಣದ ತುಂಡುಗಳನ್ನು ಮಾಡಿ ತುಂಬುತ್ತಾರೆ. ತಿರುಪಿನ ರಂಧ್ರಗಳಿಗೆ ಬೇರೆ ಹಳೆಯ ತಿರುಪುಗಳನ್ನು ತಿರುಗಿಸಿ ಕೂಡಿಸುತ್ತಾರೆ. ಇದರಿಂದ ಒಳಗಿನ ಸುತ್ತುಗಳು ಗಡಸಾಗಿ ಮುರಿಯುವುದು ತಪ್ಪುತ್ತದೆ. ಹಿಂದಕ್ಕೆ ಚಾಚಿದ ನಾಲಗೆಯಂಥ ತೆಳುವಾದ ಭಾಗಕ್ಕೆ ಒಂದು ಕಬ್ಬಿಣದ ಪಟ್ಟಿಯನ್ನು ಜೊತೆಮಾಡಿ ಕಟ್ಟುತ್ತಾರೆ. ಅದು ಬಾಗದಂತೆ ಹಿಡಿಯುವುದಲ್ಲದೆ, ಅಲ್ಲಿ ಶಾಖ ಸ್ವಲ್ಪ ಹೊತ್ತು ನಿಲ್ಲುವಂತೆಯೂ ಮಾಡುತ್ತದೆ. ಇಂಥ ತುಂಡುಪಟ್ಟಿಗಳ ಜಾಗಕ್ಕೆ ತಕ್ಕಂತೆ ಬಣ್ಣದ ಹರಹು ಕೂಡ ಬದಲಾಗುತ್ತದೆ. ಒಂದೊಂದು ಕಾರ್ಖಾನೆಯ ಕೋವಿಗೂ ಒಂದೊಂದು ಬಗೆಯ ಬಣ್ಣದ ಹೊಂದಿಕೆ ಇರುವುದಕ್ಕೆ ಇದೂ ಒಂದು ಕಾರಣ. ಕೋವಿಗಳನ್ನು ಸಂಗ್ರಹಿಸುವವರು ಬಣ್ಣವನ್ನು ನೋಡಿಯೇ ಇದು ಇಂಥವರ ಕೆಲಸ ಎಂದು ಊಹಿಸುವುದುಂಟು.

ಎಂಟನೆಯದು, ಜಿಡ್ಡು ತೆಗೆಯುವುದು. ಕೋವಿ ಎಂದರೆ ಹತ್ತಾರು ವರ್ಷ ಎಣ್ಣೆ ಕುಡಿದ ವಸ್ತು. ಬಟ್ಟೆಯಿಂದ ಒರಸಿದರೆ ಹೊರಮೈಯ ಎಣ್ಣೆ ಹೋದೀತು. ತಿರುಪಿನ ರಂಧ್ರದಲ್ಲಿ, ಕೆತ್ತನೆಯ ಗೆರೆಯಲ್ಲಿ ಉಳಿದದ್ದು ಹೋಗುವುದಿಲ್ಲ. ಕಾದಾಗ ಅದೇ ಹೊರಗೆ ಹರಿದು ಕರಿ ಹತ್ತಿ ಕಲೆ ಮಾಡುತ್ತದೆ. ಬಟ್ಟೆ ಒಗೆಯುವ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ, ಬಿಸಿನೀರಿನಲ್ಲಿ ತೊಳೆದು, ತಕ್ಷಣ ಒಣಗಿಸಿ, ಕೊನೆಗೆ ಅಸಿಟೋನಿನಂಥ ಬೇಗ ಆರುವ ದ್ರವದಿಂದ ಇನ್ನೊಮ್ಮೆ ಒರಸುತ್ತಾರೆ. ಆ ದ್ರವಕ್ಕೆ ಬೆಂಕಿ ಬೇಗ ಹತ್ತುತ್ತದೆ. ಕುಲುಮೆಯ ಬಳಿ ಅದರ ಬಾಟಲಿ ಇರಕೂಡದು. ಇಲ್ಲಿಂದ ಮುಂದೆ ಬರಿಗೈ ತಗಲಬಾರದು. ಶುದ್ಧವಾದ ಹತ್ತಿಯ ಕೈಚೀಲ ಧರಿಸಿಯೇ ಮುಟ್ಟಬೇಕು. ಬೆರಳಿನ ಬೆವರಿನಲ್ಲಿ ಉಪ್ಪೂ ಜಿಡ್ಡೂ ಇವೆ.

ಒಂಬತ್ತನೆಯದು, ಹೂಳುವುದು. ಎಲುಬಿನ ಇದ್ದಿಲನ್ನೂ ಮರದ ಇದ್ದಿಲನ್ನೂ ಬೆರೆಸುತ್ತಾರೆ. ಕೆಲವರು ಸುಟ್ಟ ತೊಗಲನ್ನೂ ಸೇರಿಸುತ್ತಾರೆ. ಎಲುಬಿನ ಇದ್ದಿಲಿನಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಇಂಗಾಲ. ಉಳಿದದ್ದು ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟು. ಸಕ್ಕರೆಯ ಬಣ್ಣ ತೆಗೆಯಲು ಕಾರ್ಖಾನೆಗಳು ಬಳಸುತ್ತಿದ್ದುದು ಇದೇ ಇದ್ದಿಲನ್ನು. ಎರಡನ್ನೂ ಯಾವ ಪ್ರಮಾಣದಲ್ಲಿ ಬೆರೆಸಬೇಕು, ಮೈಗೆ ತಗಲಿದಂತೆ ಯಾವುದನ್ನು ಹಾಕಬೇಕು ಎಂಬುದು ಆಯಾ ಕೆಲಸದ ಮನೆಯ ಗುಟ್ಟು. ಎಲ್ಲರೂ ಒಪ್ಪುವ ಸಂಗತಿಗಳು ಇವು: ಇದ್ದಿಲು ಚೆನ್ನಾಗಿ ಒಣಗಿರಬೇಕು, ತುಂಡುಗಳು ಒಂದಕ್ಕೊಂದು ತಗಲಬಾರದು, ಪೆಟ್ಟಿಗೆಯ ಗೋಡೆಗೂ ತಗಲಬಾರದು, ಎಲ್ಲ ಕಡೆಯೂ ಇದ್ದಿಲು ಒತ್ತಾಗಿ ಕೂತಿರಬೇಕು, ಮುಚ್ಚಳದ ಸಂದಿಗೆ ಬೆಂಕಿಮಣ್ಣು ಮೆತ್ತಿ ಗಾಳಿ ತಡೆಯಬೇಕು.

ಇಷ್ಟಾದ ಮೇಲೆ ಬೆಂಕಿಯ ಸರದಿ. ಸುಮಾರು ೭೨೭ ಡಿಗ್ರಿ ಸೆಂಟಿಗ್ರೇಡಿನ ಆಚೆಗೆ ಉಕ್ಕಿನ ಒಳಕಟ್ಟು ಬದಲಾಗಿ ಇಂಗಾಲವನ್ನು ಹೀರಿಕೊಳ್ಳಲು ಸಿದ್ಧವಾಗುತ್ತದೆ. ಅದಕ್ಕಿಂತ ತುಸು ಹೆಚ್ಚಿನ ಶಾಖದಲ್ಲಿ ಕೆಲವು ಗಂಟೆ ಹಿಡಿಯುತ್ತಾರೆ. ಶಾಖ ತೀರ ಏರಿದರೆ ಗಡಸುತನ ಬಂದೀತು, ಬಣ್ಣ ಮಾತ್ರ ಬೂದಿಯಾಗಿ ಹೋಗುತ್ತದೆ. ಆಮೇಲೆ ಪೆಟ್ಟಿಗೆಯನ್ನು ನೀರಿನ ತೊಟ್ಟಿಯ ಮೇಲಕ್ಕೆ ತಂದು, ನೀರಿನ ಮಟ್ಟಕ್ಕೆ ತೀರ ಹತ್ತಿರ ಹಿಡಿದು, ಇದ್ದಿಲೂ ಕಬ್ಬಿಣವೂ ಒಟ್ಟಿಗೇ ಬೀಳುವಂತೆ ಮಗುಚುತ್ತಾರೆ. ನಡುವೆ ಗಾಳಿ ತಗಲಿದರೆ ಬಣ್ಣ ಕೆಟ್ಟಿತು. ತೊಟ್ಟಿಯ ತಳದಿಂದ ಗಾಳಿಯ ಗುಳ್ಳೆಗಳನ್ನು ಹಾಯಿಸಿ ನೀರನ್ನು ಕಲಕುತ್ತಿರುತ್ತಾರೆ. ಬಣ್ಣಕ್ಕೆ ಬೇಕಾದ ಆಮ್ಲಜನಕ ಬರುವುದು ಅದರಿಂದಲೇ. ಅಷ್ಟರಲ್ಲಿ ಕೆಲಸ ಮುಗಿಯಿತು. ಬಂದ ಬಣ್ಣ ಹೇಗಿದೆಯೋ ಹಾಗೆ, ತಿದ್ದಲು ಬರುವುದಿಲ್ಲ. ಹಿಡಿಸದಿದ್ದರೆ ಮತ್ತೆ ಹದ ಇಳಿಸಿ, ಮತ್ತೆ ಉಜ್ಜಿ, ಮೊದಲಿನಿಂದ ತೊಡಗಬೇಕು. ಪ್ರತಿ ಸಲವೂ ಒಡಲು ಸೊಟ್ಟಗಾಗುವ ಅಪಾಯ ಹೊಸದಾಗಿ ಬರುತ್ತದೆ. ಒಪ್ಪಿಗೆಯಾದ ಬಣ್ಣದ ಮೇಲೆ ತೆಳುವಾಗಿ ವಾರ್ನಿಷ್ ಲೇಪಿಸಿ ಕಾಪಾಡುತ್ತಾರೆ. ಕೈಯ ಉಜ್ಜಾಟಕ್ಕೂ ಬಿಸಿಲಿಗೂ ಅದು ವರ್ಷಗಳಲ್ಲಿ ಮಾಸುತ್ತದೆ. ತುಕ್ಕು ತೆಗೆಯುವ ದ್ರಾವಣ ತಗಲಿದರಂತೂ ಕ್ಷಣದಲ್ಲಿ ಮಾಯವಾಗುತ್ತದೆ.

ಈ ಎಲ್ಲ ವಿವರದಿಂದ ನಮಗೇನು ಪ್ರಯೋಜನ ಎಂದು ನೀವು ಕೇಳಬಹುದು. ಪ್ರಯೋಜನ ಉಂಟು. ನಮ್ಮ ಕೊಡಗಿನಲ್ಲಿ ಕೋವಿ ಮನೆತನದ ಆಸ್ತಿ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ೨೦೧೯ರಲ್ಲಿ ಕೇಂದ್ರ ಸರ್ಕಾರ ೨೦೨೯ರವರೆಗೆ ಮುಂದುವರಿಸಿದೆ. ಅಜ್ಜನ ಕಾಲದ ಇಂಗ್ಲಿಷ್ ಕೋವಿ ಇರುವ ಮನೆಗಳು ಅಲ್ಲಿ ಇವೆ. ಮಲೆನಾಡಿನ ಕೆಲವು ಮನೆಗಳಲ್ಲಿಯೂ ಲೈಸೆನ್ಸಿನ ಮೇಲೆ ಇಂಥ ಕೋವಿಗಳಿವೆ. ಅವುಗಳ ಒಡಲಿನ ಬಣ್ಣ ಮಾಸಿ ಬೆಳ್ಳಗಾಗಿರುತ್ತದೆ. ಹಬ್ಬಕ್ಕೆ ಮುಂಚೆ ಅದನ್ನು ಉಪ್ಪುಕಾಗದದಿಂದಲೋ ಹಿತ್ತಾಳೆ ಪಾತ್ರೆಯ ಪಾಲಿಶಿನಿಂದಲೋ ತಿಕ್ಕಿ ಹೊಳೆಯಿಸೋಣ ಎಂದು ಮನೆಯ ಹುಡುಗರಿಗೆ ಅನ್ನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಗೊಡಬೇಡಿ. ಹಳೆಯ ಬಣ್ಣ ಎಲ್ಲೋ ಒಂದು ಮೂಲೆಯಲ್ಲಿ, ಹಿಡಿಯ ಅಂಚಿನಲ್ಲಿ, ಕುದುರೆಯ ಮರೆಯಲ್ಲಿ ಚೂರು ಉಳಿದಿರುತ್ತದೆ. ಆ ಚೂರೇ ಆ ಕೋವಿಯ ನಿಜವಾದ ಸಾಕ್ಷಿ. ಮೆತ್ತನೆಯ ಬಟ್ಟೆಯಲ್ಲಿ ಕೋವಿಯೆಣ್ಣೆ ಒಂದೆರಡು ತೊಟ್ಟು ಹಾಕಿ ಒರಸಿಟ್ಟರೆ ಸಾಕು.

ಬಣ್ಣವನ್ನು ಮರಳಿ ಬರಿಸಲೇಬೇಕೆಂಬ ಆಸೆ ಇದ್ದರೆ ಮೂರು ಮಾತು ನೆನಪಿಡಿ. ಒಂದು, ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ೫ನೆಯ ಪ್ರಕರಣದಂತೆ ಕೋವಿಯನ್ನು ದುರಸ್ತಿ ಮಾಡುವ ಉದ್ಯೋಗಕ್ಕೆ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳಲು ವಿನಾಯಿತಿ ಇರುವುದೇ ಬೇರೆ, ಅದನ್ನು ಬೆಂಕಿಗೆ ಹಾಕುವ ಅಧಿಕಾರವೇ ಬೇರೆ. ಲೈಸೆನ್ಸ್ ಉಳ್ಳ ಅನುಭವಿಯ ಬಳಿಗೇ ಹೋಗಬೇಕು. ಎರಡು, ಕರಗಿಸಿದ ಸೈನೈಡ್ ಉಪ್ಪಿನಲ್ಲಿ ಅದ್ದಿಯೂ ಇಂಥ ಬಣ್ಣ ತರಿಸುವ ಒಂದು ಕ್ರಮವಿದೆ. ಅದು ಪ್ರಾಣಕ್ಕೆ ಎರವಾಗುವ ವಿಷ. ಆಮ್ಲ ತಗಲಿದರೆ ಅದರಿಂದ ಏಳುವ ಅನಿಲವೂ ವಿಷವೇ. ಮನೆಯ ಕೊಟ್ಟಿಗೆಯಲ್ಲಿ ಪ್ರಯೋಗಿಸುವ ವಸ್ತು ಅದಲ್ಲ. ಮೂರು, ಆಮ್ಲ ಸವರಿ ಬಣ್ಣ ಮಾತ್ರ ಬರಿಸಿ ಹದ ಹಾಕಿದಂತೆ ತೋರಿಸುವವರೂ ಇದ್ದಾರೆ. ಅಲ್ಲಿ ಬಣ್ಣವುಂಟು, ಗಡಸುತನವಿಲ್ಲ. ಕಣ್ಣಿಗೆ ಕಾಣದ ಮೂಲೆಯಲ್ಲಿ ನಯವಾದ ಅರವನ್ನು ಮೆಲ್ಲಗೆ ಆಡಿಸಿದರೆ ಅನುಭವಿಗೆ ವ್ಯತ್ಯಾಸ ಗೊತ್ತಾಗುತ್ತದೆ: ಹದವಿದ್ದ ಕಡೆ ಅರ ಜಾರುತ್ತದೆ, ಇಲ್ಲದ ಕಡೆ ಕಚ್ಚುತ್ತದೆ.

ಹೀಗಾಗಿ, ಬಲ್ಲ ಕೆಲಸಗಾರನ ಕೈಗೆ ಕೋವಿಯನ್ನು ಕೊಟ್ಟಾಗ, “ಬಣ್ಣ ಯಾವಾಗ ಬರುತ್ತದೆ?” ಎಂದು ಅವಸರಪಡಿಸಬೇಡಿ. “ಲೋಹ ಯಾವುದೆಂದು ನೋಡಿದಿರಾ? ಹಳೆಯ ಹದ ಇಳಿಸುವಿರಾ? ಮುದ್ರೆಗಳನ್ನು ಉಳಿಸುವಿರಾ? ಕೈಯಿಂದ ಉಜ್ಜುವಿರೋ, ಚಕ್ರದಿಂದಲೋ? ಒಡಲಿನ ಟೊಳ್ಳಿಗೆ ತುಂಡುಗಳನ್ನು ತುಂಬುವಿರಾ?” ಎಂದು ಕೇಳಿ. ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರ ಕೊಡುವವನು ಸಿಕ್ಕಿದರೆ ಕೋವಿಯನ್ನು ಅವನಲ್ಲಿ ಧೈರ್ಯವಾಗಿ ಬಿಟ್ಟುಬರಬಹುದು. ಅಂಥವನು ಸಿಗದಿದ್ದರೆ, ಮಾಸಿದ ಬಣ್ಣದೊಡನೆಯೇ ಕೋವಿಯನ್ನು ಇಟ್ಟುಕೊಳ್ಳಿ. ಅದರಿಂದ ಯಾವ ನಷ್ಟವೂ ಇಲ್ಲ.